ಕುದುರೆಯ ಗೊರಸು

ಕುದುರೆ ಕೊಳ್ಳುವವರು ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಬಣ್ಣ ನೋಡುತ್ತಾರೆ. ಗೊರಸನ್ನು ಎತ್ತಿ ನೋಡುವವರು ವಿರಳ. ಆದರೆ ಕುದುರೆಯ ಬಾಳೆಲ್ಲ ನಿಂತಿರುವುದು ಆ ನಾಲ್ಕು ಗೊರಸುಗಳ ಮೇಲೆಯೇ.

ನಮ್ಮ ಸೀಮೆಗೂ ಕುದುರೆಗೂ ಹಳೆಯ ನಂಟು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಹೊಳೆ ದಾಟಿ ಹಂಪೆಗೆ ಹೋದರೆ, ಹಜಾರರಾಮನ ಗುಡಿಯ ಪ್ರಾಕಾರದ ಗೋಡೆಯ ಮೇಲೆ ಕುದುರೆಗಳ ಸಾಲನ್ನು ನೀವು ಕಂಡಿರಬಹುದು. ಹಡಗಿನಲ್ಲಿ ಸಮುದ್ರ ದಾಟಿ ಬರುತ್ತಿದ್ದ ಕುದುರೆಗಳ ಕಾಲ ಮುಗಿಯಿತು. ಈಗ ಕುಷ್ಟಗಿ, ಯಲಬುರ್ಗಾ ಕಡೆಯ ದಾರಿಗಳಲ್ಲಿ ಕಾಣುವುದು ಕುರಿಗಾರರ ತಟ್ಟು. ಕಂಬಳಿ, ಪಾತ್ರೆ, ಎಳೆಯ ಮರಿಗಳನ್ನು ಹೊತ್ತು ಹಿಂಡಿನೊಡನೆ ನಡೆಯುವ ಪುಟ್ಟ ಕುದುರೆ.

ಗೊರಸೆಂದರೆ ನಮ್ಮ ಉಗುರಿದ್ದಂತೆ. ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ದಿನವೂ ಕಲ್ಲುನೆಲದಲ್ಲಿ ನಡೆಯುವ ತಟ್ಟುವಿಗೆ ಬೆಳೆದಷ್ಟೂ ಸವೆಯುತ್ತದೆ. ಗ್ರೀಸಿನ ಕ್ಸೆನೊಫನ್ 2,300 ವರ್ಷಗಳಿಗೂ ಹಿಂದೆಯೇ, ದುಂಡುಗಲ್ಲು ಹರಡಿದ ಅಂಗಳದಲ್ಲಿ ನಿಲ್ಲಿಸಿದರೆ ಕುದುರೆಯ ಗೊರಸು ಗಟ್ಟಿಯಾಗುವುದೆಂದು ಬರೆದಿಟ್ಟನು. ಕೊಪ್ಪಳದ ಸುತ್ತಿನ ಕಲ್ಲುನೆಲ ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಗಂಗಾವತಿಯ ಕಾಲುವೆ ಕೆಳಗಿನ ಗದ್ದೆಯ ಕೆಸರಿನಲ್ಲಿ ಮಾತ್ರ ಗೊರಸು ಸವೆಯುವ ಬದಲು ಮೆತ್ತಗಾಗುತ್ತದೆ. ಗೂಟಕ್ಕೇ ಕಟ್ಟಿಟ್ಟ ಕುದುರೆಗಂತೂ ಸವೆತವೆಂಬುದೇ ಇಲ್ಲ. ಲಾಳ ಹೊಡೆಸಿದರೆ ಸವೆಯುವುದು ಕಬ್ಬಿಣ. ಗೊರಸು ಬೆಳೆಯುತ್ತಲೇ ಇರುತ್ತದೆ.

ಹೀಗೆ ಬಿಟ್ಟ ಗೊರಸಿನ ಮೂತಿ ಮುಂದಕ್ಕೆ ಚಾಚುತ್ತದೆ, ಹಿಮ್ಮಡಿ ಕುಸಿಯುತ್ತದೆ. ಹೆಜ್ಜೆ ಕಿತ್ತಾಗಲೆಲ್ಲ ಆ ಉದ್ದ ಮೂತಿ ಹಾರೆಯಂತೆ ಮೀಟಿ ಗೊರಸಿನ ಗೋಡೆಯನ್ನು ಒಳಗಿನ ಭಾಗದಿಂದ ಬಿಡಿಸುತ್ತದೆ. ಬಿರುಕು ಬೀಳುತ್ತದೆ, ಕಾಲಿನ ನರ, ಕೀಲುಗಳು ನೋಯುತ್ತವೆ. ಯಜಮಾನನು ಕುದುರೆ ಸೋಮಾರಿಯಾಯಿತೆಂದು ಚಾವಟಿ ಎತ್ತುತ್ತಾನೆ!

ಇದನ್ನು ತಿದ್ದಬಹುದು, ಆದರೆ ಒಂದೇ ದಿನಕ್ಕಲ್ಲ. ಮೊದಲು ಮಣ್ಣು, ಸಗಣಿ ಕೆದಕಿ ತೆಗೆದು ಅಡಿಯನ್ನು ನೋಡತಕ್ಕದ್ದು. ಪುಡಿಯಾಗಿ ಉದುರುವ ಸತ್ತ ಪದರನ್ನು ಮಾತ್ರ ಹೆರೆಯಬೇಕು. ಎತ್ತರಕ್ಕೆ ಬೆಳೆದ ಹಿಮ್ಮಡಿಯನ್ನು ಸ್ವಲ್ಪ ಇಳಿಸಿ, ಚಾಚಿದ ಮೂತಿಯನ್ನು ಮುಂದಿನಿಂದ ಅರದಲ್ಲಿ ಉಜ್ಜಿ ಹಿಂದಕ್ಕೆ ತರಬೇಕು. ಕೊನೆಗೆ ಅಂಚನ್ನು ದುಂಡಗೆ ಮಾಡಿದರೆ ಸಿಗಿಯುವುದಿಲ್ಲ. ಅಡಿಯ ನಡುವಿನ ಮೆತ್ತನೆಯ ಮುಕ್ಕೋನ ಭಾಗಕ್ಕೆ ಇಂಗ್ಲಿಷರು ‘ಕಪ್ಪೆ’ ಎನ್ನುತ್ತಾರೆ. ಜೋಲುವ ಚೂರುಗಳ ಹೊರತು ಅದನ್ನು ಮುಟ್ಟಬಾರದು. ಅಲ್ಲಿ ಕಪ್ಪು ಕೊಳೆ, ದುರ್ನಾತ ಇದ್ದರೆ ಒಣಗಿದ ನೆಲವೇ ಮೊದಲ ಮದ್ದು.

ಕತ್ತರಿಸುವಾಗ ಗುಲಾಬಿ ಬಣ್ಣ ಕಂಡಿತೋ, ಕೈ ನಿಲ್ಲಿಸಿ. ಅದರಾಚೆ ಇರುವುದು ರಕ್ತ. ಬಹುಕಾಲ ಬೆಳೆದುದನ್ನು ಒಂದೇ ಸಲ ಕತ್ತರಿಸಿದರೆ ಕುದುರೆ ಕುಂಟುತ್ತದೆ. ಮೂರು-ನಾಲ್ಕು ವಾರಕ್ಕೊಮ್ಮೆ ಇಷ್ಟಿಷ್ಟೇ ತಿದ್ದುತ್ತ ಹೋಗಬೇಕು. ಮೂತಿಯ ಗೊರಸು ಮೇಲಿನಿಂದ ಕೆಳಗೆ ಹೊಸದಾಗಿ ಇಳಿಯಲು 9ರಿಂದ 12 ತಿಂಗಳು ಬೇಕು. ಡಾಂಬರು ರಸ್ತೆಯಲ್ಲಿ ದಿನವಿಡೀ ಗಾಡಿ ಎಳೆಯುವ ಕುದುರೆಗೆ ಲಾಳ ಬೇಕಾಗಬಹುದು. ಆಗಲೂ ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿಸಿ ಗೊರಸು ತಿದ್ದಿಸಲೇಬೇಕು.

ಮುಂಗಾಲು ಚಾಚಿ, ಭಾರವನ್ನು ಹಿಂದಕ್ಕೆ ಹಾಕಿ ಕುದುರೆ ನಿಂತಿದ್ದು, ಗೊರಸು ಬಿಸಿಯಾಗಿದ್ದರೆ ಅರ ಎತ್ತಬೇಡಿ. ಕೂಡಲೇ ಪಶುವೈದ್ಯರನ್ನು ಕರೆಯಿಸಿ. ಕಾಳಿನ ಚೀಲಕ್ಕೆ ಬಾಯಿ ಹಾಕಿದ ಕುದುರೆಗೂ ಈ ಬೇನೆ ಬರುವುದುಂಟು.

ನಿಮ್ಮ ಮನೆಯಲ್ಲಿ ಕುದುರೆ ಇಲ್ಲದಿರಬಹುದು. ಆದರೆ ಮದುವೆಯ ಮೆರವಣಿಗೆಗೆ ಕುದುರೆ ಗೊತ್ತುಮಾಡುವವರು ನೀವೇ. ಜೂಲಿನ ಅಲಂಕಾರ ನೋಡುವ ಮುನ್ನ ಒಮ್ಮೆ ಅದರ ಕಾಲ ಕಡೆಗೆ ನೋಡಿ. ಗೊರಸು ಕೆಟ್ಟಿದ್ದರೆ ಬೇರೆ ಕುದುರೆ ತನ್ನಿರೆಂದು ಹೇಳಿ. ಹಾಗೆ ಹೇಳುವವರು ಹೆಚ್ಚಿದರೆ ಕುದುರೆಯವನೂ ಗೊರಸು ತಿದ್ದಿಸುವನು.