ಹಸಿರು ಚುಕ್ಕಿ ಹೇಳದ ಮಾತು

(ಉಪನ್ಯಾಸದ ಬರಹರೂಪ)



ದಿನಸಿಯ ಪೊಟ್ಟಣವನ್ನು ಕೈಗೆತ್ತಿಕೊಂಡೊಡನೆ ನಮ್ಮ ಕಣ್ಣು ಹಸಿರು ಚುಕ್ಕಿಯನ್ನು ಅರಸುತ್ತದೆ. ಅದನ್ನು ಕಂಡೊಡನೆ ಮನಸ್ಸು ನಿಶ್ಚಿಂತವಾಗುತ್ತದೆ. ಒಳಗಿರುವುದು ಸಸ್ಯಾಹಾರವೆಂದು ಆ ಚುಕ್ಕಿ ಹೇಳುತ್ತದೆ, ನಿಜ. ಆದರೆ ಆ ಆಹಾರಕ್ಕಾಗಿ ಎಷ್ಟು ನೀರು ವ್ಯಯವಾಯಿತು, ಯಾವ ಕಾಡು ಉರುಳಿತು ಎಂಬುದನ್ನು ಹೇಳುವುದಿಲ್ಲ. ಅದನ್ನು ಕೇಳಿ ತಿಳಿಯಬೇಕಾದವರು ಕೊಳ್ಳುವ ನಾವೇ.

ಹಾಲುರಾಮೇಶ್ವರದ ಸೀಮೆಯವರಿಗೆ ನೀರಿನ ಬೆಲೆಯನ್ನು ಬೇರೊಬ್ಬರು ಹೇಳಬೇಕಾಗಿಲ್ಲ. ಅಲ್ಲಿಯ ಗಂಗಾಕೊಳಕ್ಕೆ ಜನರು ಭಕ್ತಿಯಿಂದ ಕೈಮುಗಿಯುತ್ತಾರೆ. ವೇದಾವತಿಗೆ ಅಡ್ಡಲಾಗಿ ೧೯೦೭ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಹರಿದುದು ೨೦೨೨ರಲ್ಲಿ. ಇಂಥ ನಾಡಿಗೆ ಒಪ್ಪುವ ಅನ್ನ ಯಾವುದು?

ಒಂದು ಕಿಲೋ ಭತ್ತ ಬೆಳೆಯಲು ಮಳೆಯಿಂದಲೋ ನೀರಾವರಿಯಿಂದಲೋ ಸರಾಸರಿ ಸುಮಾರು ೨,೫೦೦ ಲೀಟರ್ ನೀರು ಗದ್ದೆಗೆ ಬೇಕು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಮೀಥೇನ್ ಅನಿಲ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ೨೮ ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಹೊಸದುರ್ಗ ಸೀಮೆಯ ಸಾವೆಯಾದರೋ ಮಳೆಯನ್ನೇ ನಂಬಿ ಸುಮಾರು ಮೂರು ತಿಂಗಳಲ್ಲಿ ಕೈಗೆ ಬರುವ ಬೆಳೆ. ಹಿರಿಯರ ಮನೆಗಳಲ್ಲಿ ರಾಗಿ, ಸಾವೆ, ನವಣೆ ನಿತ್ಯದ ಊಟವಾಗಿದ್ದವು. ಅಕ್ಕಿಯ ಅನ್ನ ಹಬ್ಬದ ಊಟವಾಗಿತ್ತು. ಭಾರತದ ಸೂಚನೆಯಂತೆ ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. ಸಾವೆಯ ಹೊಟ್ಟು ಬಿಡಿಸುವ ಶ್ರಮ ಹೆಚ್ಚು. ಆದಕಾರಣ ಅಂಗಡಿಯಲ್ಲಿ ಬೆಲೆಯೂ ಹೆಚ್ಚು. ಆದರೂ ಕೊಳ್ಳುವವರಿಲ್ಲದ ಧಾನ್ಯವನ್ನು ರೈತನು ಎಷ್ಟು ಕಾಲ ಬಿತ್ತಿಯಾನು?

ಎಣ್ಣೆಯ ವಿಷಯವೂ ಹೀಗೆಯೇ. ತಾಳೆ ಎಣ್ಣೆಗೂ ಹಸಿರು ಚುಕ್ಕಿಯುಂಟು. ಆದರೆ ಇಂಡೋನೇಷಿಯಾ, ಮಲೇಷಿಯಾಗಳಲ್ಲಿ ಅದರ ತೋಟಗಳಿಗಾಗಿ ವಿಸ್ತಾರವಾದ ಮಳೆಕಾಡುಗಳು ನಾಶವಾದವು, ಅಸಂಖ್ಯ ಜೀವಿಗಳು ನೆಲೆ ಕಳೆದುಕೊಂಡವು. ನಮ್ಮ ಜಿಲ್ಲೆಯಲ್ಲೋ ಎಣ್ಣೆಗೆ ಹೆಸರಾದ ಚಳ್ಳಕೆರೆಯಿದೆ, ಮಳೆಯಾಶ್ರಯದ ಕಡಲೆಕಾಯಿಯಿದೆ. ಹಾಲು-ತುಪ್ಪಗಳೂ ಈ ಲೆಕ್ಕದಿಂದ ಹೊರಗಿಲ್ಲ: ಮೆಲುಕು ಹಾಕುವ ಪಶುವಿನ ಜಠರದಿಂದಲೂ ಮೀಥೇನ್ ಹೊರಡುತ್ತದೆ. ತುಪ್ಪವನ್ನು ನಿಂದಿಸಲು ಈ ಮಾತಲ್ಲ, ಮಿತವನ್ನು ನೆನಪಿಸಲು.

ಎಲ್ಲಕ್ಕಿಂತ ದೊಡ್ಡ ನಷ್ಟ ಎಲೆಯಲ್ಲಿ ಬಿಟ್ಟ ಅನ್ನ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ ೨೦೨೨ರಲ್ಲಿ ಜಗತ್ತಿನ ಮನೆ, ಭೋಜನಾಲಯ, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ ಸುಮಾರು ೧೦೫ ಕೋಟಿ ಟನ್. ಅದನ್ನು ಬೆಳೆದ ನೀರೂ ಬೆವರೂ ಅದರೊಡನೆಯೇ ವ್ಯರ್ಥ.

ಬಂಧುಗಳೇ, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಸೂಕ್ಷ್ಮಜೀವಿಗಳನ್ನು ಕಾಯುವ ಪರಂಪರೆ ನಮ್ಮದು. ಒಂದು ಕೊಡ ನೀರಿಗೆ ತೋರುವ ಆ ಎಚ್ಚರವು ಒಂದು ಸೇರು ಅಕ್ಕಿಯ ಹಿಂದಿರುವ ನೀರಿಗೂ ಸಲ್ಲಬೇಡವೇ? ಭೋಗೋಪಭೋಗ ಪರಿಮಾಣ ವ್ರತವು ಅಡಿಗೆಮನೆಯಲ್ಲೇ ಆರಂಭವಾಗಲಿ. ವಾರಕ್ಕೆ ಎರಡು ದಿನವಾದರೂ ಸಾವೆಯ ಅನ್ನ ಮಾಡೋಣ. ಎಣ್ಣೆ ಯಾವ ಊರಿನದೆಂದು ಅಂಗಡಿಯವರನ್ನು ಕೇಳೋಣ. ಇಂದಿನ ಪಂಕ್ತಿಯಲ್ಲಿಯೂ ಬಡಿಸುವವರು ಕೇಳಿ ಬಡಿಸಲಿ, ಉಣ್ಣುವವರು ಎಲೆಯಲ್ಲಿ ಬಿಡದಿರಲಿ.

ಜೈ ಜಿನೇಂದ್ರ.