‘ಆರ್‌ಎನ್‌ಆರ್’: ನಾನು ಮಾಡದೇ ಇದ್ದ ಮೂರು ಫೋನ್ ಕರೆಗಳು

ಇವತ್ತಿನ ವಿಷಯ ಕಾರ್ ಶೋರೂಮ್ ಒಳಗೆ ಓಡೋ ಸಾಫ್ಟ್‌ವೇರ್. ಸ್ವಲ್ಪ ಒಣ ವಿಷಯ ಅನ್ನಿಸಬಹುದು. ಆದ್ರೆ ನಿಮ್ಮ ಫೋನ್ ನಂಬರ್ ಅದರೊಳಗೆ ಈಗಾಗಲೇ ಕೂತಿರಬಹುದು, ಅದಕ್ಕೇ ಹೇಳ್ತಿದೀನಿ.

ನಾನು ಹುಬ್ಬಳ್ಳಿಯ ಒಂದು ಶೋರೂಮ್‌ನಲ್ಲಿ ಎರಡೂವರೆ ವರ್ಷ ಟೆಲಿಕಾಲರ್ ಆಗಿದ್ದೆ. ಯಾವ ಶೋರೂಮ್, ಯಾವ ಕಾರು ಅಂತ ಹೇಳಲ್ಲ. ಈಗ ಡೀಲರ್‌ಗಳಿಗೆ ಇದೇ ತರದ ಸಾಫ್ಟ್‌ವೇರ್ ಹಾಕಿಕೊಡೋ ಒಂದು ಸಣ್ಣ ತಂಡದಲ್ಲಿದ್ದೀನಿ. ಅಂದ್ರೆ ಮೊದಲು ಬೈಸಿಕೊಳ್ತಿದ್ದ ಕಡೆಯಿಂದ ಈಗ ಬೈಸೋ ವಸ್ತು ಮಾರೋ ಕಡೆಗೆ ಬಂದಿದೀನಿ.

ಶುರು ಎಲ್ಲಾಗುತ್ತೆ ಗೊತ್ತಾ? ರಾತ್ರಿ ಹತ್ತೂವರೆಗೆ ನೀವು ರೀಲ್ಸ್ ನೋಡ್ತಾ ಇರ್ತೀರಿ. ನಡುವೆ ಒಂದು ಕಾರಿನ ಜಾಹೀರಾತು, ಕೆಳಗೆ ಒಂದು ಬಟನ್. ಒತ್ತಿದ್ರೆ ಫಾರ್ಮ್ ತೆರೆಯುತ್ತೆ. ಅದರಲ್ಲಿ ನಿಮ್ಮ ಹೆಸರು, ನಂಬರ್ ಆಗಲೇ ತುಂಬಿರುತ್ತೆ. ನೀವು ಟೈಪ್ ಮಾಡಿದ್ದಲ್ಲ, ನಿಮ್ಮ ಖಾತೆಯಲ್ಲಿ ಇದ್ದದ್ದನ್ನೇ ಅದು ತಂದು ಇಟ್ಟಿರುತ್ತೆ. ಇನ್ನೊಂದು ಸಲ ಒತ್ತಿದ್ರೆ ಮುಗೀತು, ನೀವು ಒಂದು ‘ಲೀಡ್’.

ಈ ಫಾರ್ಮ್‌ನಲ್ಲಿ ಒಂದು ಸೂಕ್ಷ್ಮ ಇದೆ. ನಿಮಗೆ ಹೆಚ್ಚು ಲೀಡ್ ಬೇಕಾ, ಹೆಚ್ಚು ಆಸಕ್ತಿ ಇರೋರು ಬೇಕಾ ಅಂತ ಜಾಹೀರಾತು ಹಾಕೋರನ್ನ ಮೆಟಾ ಕೇಳುತ್ತೆ. ಎರಡನೆಯದನ್ನ ಆರಿಸಿದ್ರೆ, ಕಳಿಸೋ ಮುಂಚೆ ನಿಮ್ಮ ವಿವರ ಸರಿ ಇದೆಯಾ ನೋಡ್ಕೊಳ್ಳಿ ಅಂತ ಇನ್ನೊಂದು ಸ್ಕ್ರೀನ್ ಬರುತ್ತೆ. ವ್ಯತ್ಯಾಸ ಅಷ್ಟೇ. ಆದ್ರೆ ಆ ಒಂದು ಸ್ಕ್ರೀನಲ್ಲಿ ಸುಮಾರು ಜನ ವಾಪಸ್ ಹೋಗಿಬಿಡ್ತಾರೆ, ಸಂಖ್ಯೆ ಇಳಿಯುತ್ತೆ. ಏಜೆನ್ಸಿಯವರು ತಿಂಗಳ ಕೊನೆಗೆ ಯಜಮಾನರಿಗೆ ತೋರಿಸೋದು ಸಂಖ್ಯೆ. ಹಾಗಾಗಿ ನಮ್ಮಲ್ಲಿ ಯಾವಾಗಲೂ ಮೊದಲನೆಯದೇ. ಬೆಳಿಗ್ಗೆ ನಾನು ಫೋನ್ ಮಾಡಿದ್ರೆ, “ಕಾರಾ? ನಾ ಯಾವಾಗ ಕೇಳೇನ್ರಿ?” ಅನ್ನೋರು. ಒಬ್ಬ ಅಜ್ಜಿ ಎತ್ತಿಕೊಂಡು, “ಮೊಮ್ಮಗ ಮೊಬೈಲ್ ಹಿಡಕೊಂಡಿದ್ದವಾ, ಅವಂಗಿನ್ನೂ ಆರು ವರ್ಷ” ಅಂದ್ರು. ಅವರನ್ನೂ ನಾನು ಲೀಡ್ ಅಂತಲೇ ಹಾಕಿಕೊಳ್ಳಬೇಕು.

ಲೀಡ್ ಬಂದು ಬೀಳೋ ಜಾಗಕ್ಕೆ ಸಿಆರ್‌ಎಂ ಅಂತಾರೆ. ಯಾರು ಕೇಳಿದ್ರು, ಯಾರು ಫೋನ್ ಮಾಡಿದ್ರು, ಟೆಸ್ಟ್ ಡ್ರೈವ್ ಆಯ್ತಾ, ಎಲ್ಲ ಅಲ್ಲಿ. ಇದರ ಪಕ್ಕದಲ್ಲಿ ಡಿಎಂಎಸ್ ಅಂತ ಇನ್ನೊಂದಿರುತ್ತೆ. ಬುಕ್ಕಿಂಗ್, ಬಿಲ್, ಚಾಸಿ ನಂಬರ್, ವರ್ಕ್‌ಶಾಪ್‌ನ ಜಾಬ್ ಕಾರ್ಡ್, ಬಿಡಿಭಾಗಗಳ ಲೆಕ್ಕ ಅದರಲ್ಲಿ. ಇದು ಎಷ್ಟು ಮುಖ್ಯ ಅಂದ್ರೆ, 2024ರ ಜೂನ್‌ನಲ್ಲಿ ಅಮೆರಿಕದಲ್ಲಿ ಸಿಡಿಕೆ ಗ್ಲೋಬಲ್ ಅನ್ನೋ ಕಂಪನಿಯ ಡಿಎಂಎಸ್ ಮೇಲೆ ಸೈಬರ್ ದಾಳಿ ಆಯ್ತು. ಸುಮಾರು 15,000 ಡೀಲರ್‌ಗಳು ಅದನ್ನ ಬಳಸ್ತಿದ್ರು. ಎಷ್ಟೋ ಶೋರೂಮ್‌ಗಳಲ್ಲಿ ಪೆನ್ನು ಕಾಗದ ಹಿಡಿದು ಕಾರು ಮಾರೋ ಹಾಗಾಯ್ತು. ನಾವು ಸುದ್ದಿ ಓದಿ ನಕ್ಕಿದ್ವಿ. ಯಾಕಂದ್ರೆ ನಮ್ಮಲ್ಲಿ ಸಿಆರ್‌ಎಂಗೂ ಡಿಎಂಎಸ್‌ಗೂ ಮಾತುಕತೆ ಇರಲಿಲ್ಲ. ಒಂದೇ ಹೆಸರನ್ನ ಎರಡು ಕಡೆ ಟೈಪ್ ಮಾಡಿ, ಮೂರನೇ ಸಲ ಎಕ್ಸೆಲ್‌ಗೆ ಹಾಕಿ, ನಾಲ್ಕನೇದಾಗಿ ನನ್ನ ಉದ್ದದ ನೋಟ್‌ಬುಕ್ಕಲ್ಲಿ ಬರೀತಿದ್ದೆ. ಪೆನ್ನು ಕಾಗದ ನಮಗೆ ಹೊಸದೇನಲ್ಲ.

ಸಿಆರ್‌ಎಂನಲ್ಲಿ ಒಂದು ಗಡಿಯಾರ ಇರುತ್ತೆ. ನಮ್ಮಲ್ಲಿ ಲೀಡ್ ಬಂದ 15 ನಿಮಿಷದೊಳಗೆ ಫೋನ್ ಹೋಗಬೇಕಿತ್ತು. ಹೋಗದಿದ್ರೆ ಆ ಸಾಲು ಕೆಂಪಾಗುತ್ತೆ. ಸಂಜೆ ಆರಕ್ಕೆ ಮ್ಯಾನೇಜರ್ ಆ ಕೆಂಪು ಸಾಲುಗಳ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕ್ತಿದ್ರು. ಜೊತೆಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಬೇರೆ ಏನೂ ಇಲ್ಲ, ಬರೀ ಚಿಹ್ನೆ. ಅದನ್ನ ನೋಡಿದ್ರೆ ಹೊಟ್ಟೆ ತೊಳಸಿದ ಹಾಗಾಗ್ತಿತ್ತು.

ಕೆಂಪು ಹೋಗಿಸೋಕೆ ಒಂದು ಸುಲಭ ದಾರಿ ಇದೆ. ಆರ್‌ಎನ್‌ಆರ್. ರಿಂಗ್ ಆಯ್ತು, ಎತ್ತಲಿಲ್ಲ ಅಂತ ಅರ್ಥ. ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಈ ಮೂರಕ್ಷರ ಕೇಳಿದ ಕೂಡಲೇ ನಗ್ತಾರೆ. ಫೋನ್ ಮಾಡಿಯೂ ಹಾಕಬಹುದು, ಮಾಡದೆಯೂ ಹಾಕಬಹುದು. ಸಾಫ್ಟ್‌ವೇರ್‌ಗೆ ಎರಡೂ ಒಂದೇ.

ಈಗ 2025ರ ಸೆಪ್ಟೆಂಬರ್‌ಗೆ ಬರ್ತೀನಿ. ಆಗಸ್ಟ್ 15ಕ್ಕೆ ಜಿಎಸ್‌ಟಿ ಇಳಿಸ್ತೀವಿ ಅಂತ ಪ್ರಧಾನಿ ಹೇಳಿದ್ರಲ್ಲ, ಅವತ್ತಿಂದ ಶೋರೂಮ್ ಬಣಬಣ. ಯಾರಿಗೆ ಫೋನ್ ಮಾಡಿದ್ರೂ, “ಕಮ್ಮಿ ಆಗ್ಲಿ ತಡೀರಿ.” ಕೊನೆಗೆ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ 18 ಪರ್ಸೆಂಟ್ ಅಂತ ಆಯ್ತು. ಅವತ್ತೇ ನವರಾತ್ರಿ ಶುರು. ಆಯುಧ ಪೂಜೆಗೆ ಮನೆ ಮುಂದೆ ಕಾರು ನಿಲ್ಲಬೇಕು ಅನ್ನೋರು, ಬೆಲೆ ಇಳಿಯಲಿ ಅಂತ ಕಾದಿದ್ದೋರು, ಎಲ್ಲರೂ ಒಟ್ಟಿಗೇ ಬಂದ್ರು. ನಾವು ಮೂರು ಜನ ಟೆಲಿಕಾಲರ್‌ಗಳು. ಊಟಕ್ಕೆ ಎದ್ದು ಬರೋಷ್ಟರಲ್ಲಿ ಸ್ಕ್ರೀನ್ ಪೂರ್ತಿ ಕೆಂಪು.

ಅವತ್ತು ನಾನು ಸುಮಾರು ಜನಕ್ಕೆ ಫೋನ್ ಮಾಡದೇ ಆರ್‌ಎನ್‌ಆರ್ ಹಾಕಿದೆ. ಎಷ್ಟು ಜನ ಅಂತ ಲೆಕ್ಕ ಇಟ್ಟಿಲ್ಲ. ಮಾರನೇ ದಿನವೂ ಹಾಕಿದೆ. ಅದರ ಮಾರನೇ ದಿನವೂ. ಮೂರು ಆರ್‌ಎನ್‌ಆರ್ ಬಿದ್ದ ಲೀಡನ್ನ ಸಾಫ್ಟ್‌ವೇರ್ ತಾನೇ ಮುಚ್ಚಿಬಿಡುತ್ತೆ. ಮುಚ್ಚೋವಾಗ ಗ್ರಾಹಕರಿಗೆ ಇಂಗ್ಲಿಷಲ್ಲಿ ಒಂದು ಮೆಸೇಜ್ ಹೋಗುತ್ತೆ: ನಿಮ್ಮನ್ನು ಸಂಪರ್ಕಿಸಲು ಹಲವು ಬಾರಿ ಪ್ರಯತ್ನಿಸಿದೆವು ಅನ್ನೋ ಅರ್ಥದ್ದು.

ಒಂದು ವಾರ ಆದ ಮೇಲೆ ಹಾವೇರಿ ಕಡೆಯ ಹಳ್ಳಿಯಿಂದ ಒಬ್ಬರು ಬಂದ್ರು. ನಲವತ್ತು ದಾಟಿರಬಹುದು, ಮನೆ ವೈರಿಂಗ್ ಕೆಲಸ ಮಾಡೋರು, ಅಂಗಿ ಜೇಬಲ್ಲಿ ಟೆಸ್ಟರ್ ಹಾಗೇ ಇತ್ತು. ನನ್ನ ಟೇಬಲ್ ಮುಂದೆ ಕೂತು ಮೊಬೈಲ್ ಮುಂದಿಟ್ಟು, “ಮೇಡಮ್ರ, ಇದರಾಗ ಇಂಗ್ಲಿಷ್‌ನಾಗ ಏನೋ ಬಂದೈತ್ರಿ. ಮಗಳು ಓದಿ ಹೇಳಿದ್ಲು, ನೀವು ಫೋನ್ ಮಾಡಿದ್ರಂತ, ನಾ ಎತ್ತಲಿಲ್ಲಂತ. ನನ್ನ ಮೊಬೈಲ್‌ನಾಗ ತೋರಸವಲ್ದು. ಅಂಗಡ್ಯಾಗ ತೋರಿಸಿದ್ನಿ, ಛಲೋ ಐತಿ ಅಂದ್ರು. ನೀವ ಒಂದ್ಸಲ ಫೋನ್ ಹಚ್ಚಿ ನೋಡ್ರಿ, ಬರ್ತೈತೇನು” ಅಂದ್ರು.

ಮನೇಲಿ ಸಿಗ್ನಲ್ ಸರಿ ಇಲ್ಲ ಅಂತ ನಮ್ಮ ಫೋನ್‌ಗಾಗಿ ಅವರು ಮಾಳಿಗೆ ಮೇಲೆ ಹೋಗಿ ಕೂರ್ತಿದ್ರಂತೆ. ಶೋರೂಮ್‌ನೋರು ಕರೆದ ಮೇಲೇ ಬರಬೇಕೇನೋ ಅಂದುಕೊಂಡಿದ್ರು. ಅದು ಅವರ ಮೊದಲ ಕಾರು.

ನಾನು ಫೋನ್ ಹಚ್ಚಿದೆ. ಟೇಬಲ್ ಮೇಲೆ ಅವರ ಮೊಬೈಲ್ ರಿಂಗ್ ಆಯ್ತು. ಅವರಿಗೆ ಖುಷಿ. “ಅವತ್ತ ಸಿಗ್ನಲ್ ಇರಲಿಲ್ಲೇನೋ ಬಿಡ್ರಿ” ಅಂತ ಅವರೇ ಅಂದ್ರು. ನಾನು “ಹೌದ್ರಿ, ಒಮ್ಮೊಮ್ಮೆ ಆಗ್ತೈತಿ” ಅಂದೆ. ಇದನ್ನ ಈಗ ಹೇಳೋವಾಗಲೂ ನನಗೆ ಕಷ್ಟ ಆಗ್ತಿದೆ.

ಅವರು ಕೇಳಿದ ಮಾಡೆಲ್, ಕೇಳಿದ ಬಣ್ಣ ಆ ಹೊತ್ತಿಗೆ ಖಾಲಿ. ಹಬ್ಬಕ್ಕೆ ಸಿಗಲ್ಲ, ದೀಪಾವಳಿ ಆದ ಮೇಲೆ ಅಂದೆವು. ನೋಡ್ತೀನಿ ಅಂತ ಹೋದ್ರು. ದೀಪಾವಳಿ ಆದ ಮೇಲೆ ಫೋನ್ ಮಾಡಿದೆ, ನಿಜವಾಗಿಯೂ ಮಾಡಿದೆ. ಊರಲ್ಲೇ ಯಾರದೋ ಹಳೇ ಕಾರು ತಗೊಂಡಿದ್ರು.

ಈಗ ಲೀಡ್ ಮುಚ್ಚಬೇಕು. ಮುಚ್ಚೋಕೆ ಕಾರಣ ಕೊಡಬೇಕು. ಡ್ರಾಪ್‌ಡೌನ್ ತೆರೆದೆ. ಬೆಲೆ ಹೆಚ್ಚಾಯಿತು. ಬೇರೆ ಕಂಪನಿ ಕಾರು ಕೊಂಡರು. ಹಳೆಯ ಕಾರು ಕೊಂಡರು. ಸಾಲ ಸಿಗಲಿಲ್ಲ. ಮನೆಯವರು ಒಪ್ಪಲಿಲ್ಲ. ಆಸಕ್ತಿ ಇಲ್ಲ. ಹೀಗೆ ಹನ್ನೊಂದು ಕಾರಣ. ಹನ್ನೊಂದೂ ಗ್ರಾಹಕರದ್ದೇ. ‘ನಾವು ಫೋನ್ ಮಾಡಲಿಲ್ಲ’ ಅನ್ನೋದು ಇಲ್ಲ. ನಾನು ‘ಹಳೆಯ ಕಾರು ಕೊಂಡರು’ ಒತ್ತಿದೆ. ಸುಳ್ಳೇನಲ್ಲವಲ್ಲ. ಆ ತಿಂಗಳ ರಿಪೋರ್ಟ್‌ನಲ್ಲಿ, ಜನ ಹಳೇ ಕಾರಿನ ಕಡೆ ಹೋಗ್ತಿದಾರೆ, ಎಕ್ಸ್‌ಚೇಂಜ್ ಆಫರ್ ಜಾಹೀರಾತು ಜಾಸ್ತಿ ಮಾಡಬೇಕು ಅಂತ ಬಂತು. ದುಡ್ಡು ಹಾಕಿ ಮಾಡಿದ್ರು ಕೂಡ. ಇನ್ನೂ ಒಂದಿಷ್ಟು ಲೀಡ್ ಬಂತು, ಫೋನ್ ಮಾಡೋಕೆ ಅದೇ ಮೂರು ಜನ.

ಸಾಫ್ಟ್‌ವೇರ್ ಎಲ್ಲ ಮೋಸ ಅಂತ ನಾನು ಹೇಳ್ತಿಲ್ಲ, ನನ್ನ ಹೊಟ್ಟೆಪಾಡೇ ಅದು. ಸರ್ವಿಸ್ ದಿನ ನೆನಪಿಸೋದು, ಯಾವ ಕಾರು ಸ್ಟಾಕ್‌ನಲ್ಲಿ ಎಷ್ಟು ದಿನದಿಂದ ನಿಂತಿದೆ ಅಂತ ತೋರಿಸೋದು, ಇದನ್ನೆಲ್ಲ ಅದು ನಮಗಿಂತ ಚೆನ್ನಾಗಿ ಮಾಡುತ್ತೆ. ವಾಟ್ಸ್‌ಆ್ಯಪ್‌ನಲ್ಲೂ ಒಂದು ಕಟ್ಟುಪಾಡಿದೆ. ಗ್ರಾಹಕರು ಮೆಸೇಜ್ ಮಾಡಿ 24 ಗಂಟೆ ಕಳೆದ್ರೆ, ಮೊದಲೇ ಮೆಟಾದಿಂದ ಒಪ್ಪಿಗೆ ಪಡೆದ ಮೆಸೇಜ್ ಮಾತ್ರ ಕಳಿಸಬಹುದು. ಆ ಮೆಸೇಜ್ ಕನ್ನಡದಲ್ಲೂ ಇರಬಹುದು ಅಂತ ಎಷ್ಟೋ ಡೀಲರ್‌ಗಳಿಗೆ ಗೊತ್ತೇ ಇಲ್ಲ. ನಾನು ಈಗ ಹೋದ ಕಡೆಯೆಲ್ಲ ಮೊದಲು ಮಾಡೋ ಕೆಲಸ ಅದು.

ನಿಮಗೆ ಎರಡು ಮಾತು. ಫಾರ್ಮ್ ತುಂಬಿ ಎರಡು ದಿನ ಫೋನ್ ಬರಲಿಲ್ಲ ಅಂದ್ರೆ ಕಾಯಬೇಡಿ, ಶೋರೂಮ್‌ಗೆ ನೀವೇ ಫೋನ್ ಮಾಡಿ. ಮಾಳಿಗೆ ಹತ್ತಬೇಡಿ. ಇನ್ಶೂರೆನ್ಸ್ ಅಲ್ಲೇ ಮಾಡಿಸಲೇಬೇಕು ಅಂತ ಕಡ್ಡಾಯ ಇಲ್ಲ, ಹೊರಗಿನ ಬೆಲೆಯನ್ನೂ ಕೇಳಿ ನೋಡಿ. ಬೇಡದ ಕರೆ ನಿಲ್ಲಿಸೋಕೆ 1909 ಇದೆ, ಆದ್ರೆ ಫಾರ್ಮ್ ತುಂಬಿದೋರು ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಅಂತ ಶೋರೂಮ್‌ನೋರು ವಾದ ಮಾಡ್ತಾರೆ. ನನ್ನ ವಿವರ ಅಳಿಸಿ ಅನ್ನೋ ಹಕ್ಕು 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿದೆ. ನಿಯಮ 2025ರ ನವೆಂಬರ್‌ನಲ್ಲಿ ಬಂದಿವೆ, ಪೂರ್ತಿ ಜಾರಿಗೆ 18 ತಿಂಗಳ ಗಡುವು. ಎರಡು ಮಾತು ಅಂದು ನಾಲ್ಕು ಹೇಳಿದೆ, ಟೆಲಿಕಾಲರ್ ಚಾಳಿ.

ಈಗಿನ ನಮ್ಮ ಸಾಫ್ಟ್‌ವೇರ್‌ನಲ್ಲಿ ಫೋನ್ ಅದರೊಳಗಿಂದಲೇ ಹೋಗಬೇಕು. ಇಷ್ಟು ಸೆಕೆಂಡ್ ರಿಂಗ್ ಆಗದಿದ್ರೆ ಆರ್‌ಎನ್‌ಆರ್ ಬಟನ್ ತೆರೆಯೋದೇ ಇಲ್ಲ. ಇದರಿಂದ ತಪ್ಪಿಸಿಕೊಳ್ಳೋಕೂ ಹುಡುಗಿಯರು ಏನಾದ್ರೂ ಹುಡುಕ್ತಾರೆ, ನಾನಾಗಿದ್ರೆ ಹುಡುಕ್ತಿದ್ದೆ. ಡ್ರಾಪ್‌ಡೌನ್‌ನಲ್ಲಿ ಹನ್ನೆರಡನೇ ಕಾರಣ ಸೇರಿಸಿದೀನಿ: ‘ನಾವು ಸಮಯಕ್ಕೆ ಕರೆ ಮಾಡಲಿಲ್ಲ’. ಒಬ್ಬ ಡೀಲರ್ ಅದನ್ನ ತೆಗೆಸಿಬಿಟ್ರು. ಇನ್ನೊಬ್ಬರು ಇರಲಿ ನೋಡೋಣ ಅಂದ್ರು. ಅಲ್ಲಿ ಮೊದಲ ತಿಂಗಳು ಅದನ್ನ ಯಾರೂ ಒತ್ತಲಿಲ್ಲ. ಎರಡನೇ ತಿಂಗಳು ಮೂರು ಸಲ ಒತ್ತಿದ್ರು, ಮೂರೂ ಒಬ್ಬಳೇ ಹುಡುಗಿ. ಅವಳನ್ನ ಬೈಬೇಡಿ ಅಂತ ಮ್ಯಾನೇಜರ್‌ಗೆ ಫೋನ್ ಮಾಡಿ ಹೇಳಿದೆ. ಆಗಲೇ ಬೈದಾಗಿತ್ತಂತೆ. ಆದ್ರೆ ಇನ್ನೂ ಒಬ್ಬ ಟೆಲಿಕಾಲರ್ ಬೇಕು ಅಂತ ಯಜಮಾನರನ್ನೂ ಕೇಳಿದಾರಂತೆ. ಯಜಮಾನರು ಇನ್ನೂ ಏನೂ ಹೇಳಿಲ್ಲ.