‘ಅಲ್ಲಿಯೇ’ ಎಂದರೆ ಎಲ್ಲಿ?

(ಬಾನುಲಿ ಭಾಷಣ)



ರೈವತ ಕಕುದ್ಮಿಯೆಂಬ ಅರಸನ ಕಥೆ ನಮ್ಮ ಪುರಾಣಗಳಲ್ಲಿದೆ. ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಅವಳನ್ನು ಕರೆದುಕೊಂಡು ಆತ ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಗಾನ ನಡೆಯುತ್ತಿತ್ತು, ಮುಗಿಯುವವರೆಗೆ ಕಾದ. ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದಿದ್ದವು. ಅವನು ಮನಸ್ಸಿನಲ್ಲಿ ಎಣಿಸಿಕೊಂಡಿದ್ದ ವರರಾರೂ ಉಳಿದಿರಲಿಲ್ಲ. ತಂದೆ ಮಗಳು ಇಳಿದುಬಂದರು. ರೇವತಿ ಬಲರಾಮನ ಕೈಹಿಡಿದಳು. ಕಾಲ ಅಷ್ಟು ಓಡಿದರೂ ಭೂಮಿ ಮಾತ್ರ ಅವರಿಗಾಗಿ ಇದ್ದಲ್ಲಿಯೇ ಕಾದಿತ್ತು.

ಎಚ್. ಜಿ. ವೆಲ್ಸ್ 1895ರಲ್ಲಿ ಪ್ರಕಟಿಸಿದ ‘ದಿ ಟೈಮ್ ಮೆಷಿನ್’ ಕಾದಂಬರಿಯಲ್ಲಿಯೂ ಹೀಗೆಯೇ. ಅದರ ನಾಯಕ ತನ್ನ ಪ್ರಯೋಗಶಾಲೆಯಲ್ಲಿ ಯಂತ್ರವನ್ನೇರಿ 8,02,701ನೆಯ ಇಸವಿಗೆ ಹೋಗುತ್ತಾನೆ. ಆ ಕಾಲದ ಪಾತಾಳವಾಸಿಗಳು ಯಂತ್ರವನ್ನು ತುಸು ದೂರ ಒಯ್ದು ಬಚ್ಚಿಡುತ್ತಾರೆ. ಆತ ಮರಳಿ ಬಂದಾಗ ಯಂತ್ರ ಪ್ರಯೋಗಶಾಲೆಯ ಬೇರೊಂದು ಮೂಲೆಯಲ್ಲಿ ನಿಲ್ಲುತ್ತದೆ. ಮೂಲೆಯಿಂದ ಮೂಲೆಗಿರುವ ಅಂತರ, ಅವರು ಅದನ್ನು ಒಯ್ದ ದೂರಕ್ಕೆ ಸರಿಯಾಗಿ ಸಮ. ಲೆಕ್ಕವೇನೋ ಅಚ್ಚುಕಟ್ಟಾಗಿದೆ. ಆದರೆ ಎಂಟು ಲಕ್ಷ ವರ್ಷವಾದರೂ ಆ ನೆಲ ಆ ಜಾಗದಲ್ಲಿಯೇ ಇರುವುದೆಂಬ ನಂಬಿಕೆ ಅದರೊಳಗೆ ಅಡಗಿದೆ.

ಇಲ್ಲಿಯೇ ಒಂದು ಆಕ್ಷೇಪ ಏಳುತ್ತದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಎಂದರೆ ಗಂಟೆಗೆ ಒಂದು ಲಕ್ಷ ಕಿಲೋಮೀಟರಿಗೂ ಹೆಚ್ಚು. ಆ ಸೂರ್ಯನೂ ನಮ್ಮ ಆಕಾಶಗಂಗೆಯ ಕೇಂದ್ರವನ್ನು ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿದ್ದಾನೆ. ಹೀಗಿರುವಾಗ ಒಂದು ಗಂಟೆ ಹಿಂದಕ್ಕೆ ಹೋದವನು ‘ಇದ್ದಲ್ಲಿಯೇ’ ಇಳಿದರೆ ಅವನ ಕಾಲಕೆಳಗೆ ನೆಲವಿದ್ದೀತೆ? ಕಡುಕತ್ತಲ ಶೂನ್ಯದಲ್ಲಿ ಅವನು ತೇಲಬೇಕಾದೀತಲ್ಲವೆ?

ಆಕ್ಷೇಪ ಸೊಗಸಾದುದು. ಆದರೆ ಅದೂ ಒಂದು ನಂಬಿಕೆಯ ಮೇಲೆಯೇ ನಿಂತಿದೆ. ‘ಇದ್ದಲ್ಲಿಯೇ’ ಎಂದರೆ ಯಾವುದರ ಲೆಕ್ಕದಲ್ಲಿ? ಭೂಮಿಯದೋ, ಸೂರ್ಯನದೋ, ಆಕಾಶಗಂಗೆಯದೋ? ಆಕಾಶದಲ್ಲಿ ಗೂಟ ಬಡಿದು ಗುರುತು ಮಾಡಿಟ್ಟವರು ಯಾರೂ ಇಲ್ಲ.

499ರಲ್ಲಿ ‘ಆರ್ಯಭಟೀಯ’ವನ್ನು ರಚಿಸಿದ ಆರ್ಯಭಟ ದೋಣಿಯ ಹೋಲಿಕೆಯೊಂದನ್ನು ಕೊಟ್ಟಿದ್ದಾನೆ. ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ವಸ್ತುಗಳು ಹಿಂದೆ ಸರಿಯುವಂತೆ ತೋರುತ್ತವೆ. ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ತೋರುವುದೂ ಹಾಗೆಯೇ ಎಂದು ಅದರ ಭಾವ. ಗೆಲಿಲಿಯೋ 1632ರಲ್ಲಿ ನಮ್ಮನ್ನು ಹಡಗಿನ ಒಳಕೋಣೆಗೆ ಕರೆದೊಯ್ದ. ಹಡಗು ಕುಲುಕಾಡದೆ ಒಂದೇ ವೇಗದಲ್ಲಿ ಸಾಗುತ್ತಿದ್ದರೆ, ಒಳಗಿನ ಯಾವ ಪ್ರಯೋಗದಿಂದಲೂ ಅದು ಚಲಿಸುತ್ತಿದೆಯೋ ನಿಂತಿದೆಯೋ ತಿಳಿಯದು ಎಂದ. ಆದರೂ 1687ರಲ್ಲಿ ನ್ಯೂಟನ್ ಎಲ್ಲಕ್ಕೂ ಆಧಾರವಾಗಿ ನಿಶ್ಚಲವಾದೊಂದು ಪರಮ ಆಕಾಶವನ್ನು ಕಲ್ಪಿಸಿದ. 1905ರಲ್ಲಿ ಐನ್‌ಸ್ಟೈನ್ ತನ್ನ ಸಿದ್ಧಾಂತಕ್ಕೆ ಅಂಥ ಆಕಾಶದ ಅಗತ್ಯವೇ ಇಲ್ಲವೆಂದ. ವಿಶ್ವವನ್ನೆಲ್ಲ ತುಂಬಿರುವ, 1965ರಲ್ಲಿ ಜಗತ್ತಿಗೆ ತಿಳಿದುಬಂದ ಮಂದ ವಿಕಿರಣವನ್ನು ಆಧಾರವಾಗಿಟ್ಟು ಅಳೆದರೆ ನಮ್ಮ ಸೌರವ್ಯೂಹದ ವೇಗ ಸೆಕೆಂಡಿಗೆ ಸುಮಾರು 370 ಕಿಲೋಮೀಟರ್. ಆದರೆ ಅದೂ ಅನುಕೂಲವಾದ ಒಂದು ದಡವೇ ಹೊರತು, ಅದನ್ನೇ ಹಿಡಿಯಬೇಕೆಂದು ಭೌತಶಾಸ್ತ್ರದ ನಿಯಮವಿಲ್ಲ.

ಸಾಪೇಕ್ಷತೆಯ ಪ್ರಕಾರ ದೇಶಕಾಲಗಳು ಒಂದೇ ನೆಯ್ಗೆ. ಪ್ರಯಾಣಿಕ ಅದರಲ್ಲಿ ಎಲ್ಲಿಂದಲೋ ಮಾಯವಾಗಿ ಎಲ್ಲಿಯೋ ಮೂಡುವುದಿಲ್ಲ. ಕಡಿಯದ ಒಂದು ದಾರಿಯಲ್ಲಿ ಸಾಗುತ್ತಾನೆ. ‘ಎಲ್ಲಿಗೆ’, ‘ಯಾವಾಗ’ ಎಂಬ ಎರಡಕ್ಕೂ ಉತ್ತರ ಆ ದಾರಿಯೇ. 1971ರ ಅಕ್ಟೋಬರಿನಲ್ಲಿ ಹೇಫಲೆ ಮತ್ತು ಕೀಟಿಂಗ್ ಎಂಬ ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಮಿಯನ್ನು ಸುತ್ತಿಸಿದರು. ಪೂರ್ವದಿಕ್ಕಿಗೆ ಸುತ್ತಿ ಬಂದಾಗ ಅವು ನೆಲದ ಗಡಿಯಾರಕ್ಕಿಂತ ಸೆಕೆಂಡಿನ ನೂರು ಕೋಟಿಯ ಭಾಗದಲ್ಲಿ ಸುಮಾರು 59ರಷ್ಟು ಹಿಂದಿದ್ದವು. ಅಷ್ಟರಮಟ್ಟಿಗೆ ಅವು ನಮ್ಮ ಭವಿಷ್ಯಕ್ಕೆ ಪಯಣಿಸಿದ್ದವು. ಆದರೂ ಇಳಿದದ್ದು ವಿಮಾನ ನಿಲ್ದಾಣದಲ್ಲಿಯೇ! ಭೂತಕಾಲದ ಮಾತು ಬೇರೆ. ಇಡೀ ವಿಶ್ವವೇ ತಿರುಗುತ್ತಿದ್ದರೆ ತನ್ನ ಗತಕಾಲವನ್ನೇ ಸೇರುವ ದಾರಿಗಳಿರಬಲ್ಲವೆಂದು 1949ರಲ್ಲಿ ಗೋಡೆಲ್ ಗಣಿತದಿಂದ ತೋರಿಸಿದ. ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಕುರುಹು ಸಿಕ್ಕಿಲ್ಲ.

ಕಾಲದಲ್ಲಿ ಹಿಂದಿರುಗುವ ಆಸೆ ನಮಗೇಕೆ? ಹುಟ್ಟಿದ ಮನೆಯ ಜಗಲಿಯಲ್ಲಿ ಇನ್ನೊಮ್ಮೆ ಕೂರಬೇಕು, ಒಳಗಿನಿಂದ ತಾಯಿ ಊಟಕ್ಕೆ ಕರೆಯುವುದನ್ನು ಕೇಳಬೇಕು ಎಂಬುದಕ್ಕಲ್ಲವೆ? ಕೆಲವು ವರ್ಷಗಳ ಹಿಂದೆ ನಾನು ಅಂಥ ಜಗಲಿಯೊಂದನ್ನು ಹುಡುಕಿಕೊಂಡು ನನ್ನ ಊರಿಗೆ ಹೋದೆ. ಸರ್ವೆ ನಂಬರು ಬದಲಾಗಿರಲಿಲ್ಲ. ಬಾವಿ ಮುಚ್ಚಿತ್ತು, ಹಲಸಿನ ಮರ ಇರಲಿಲ್ಲ, ಬಾಗಿಲಲ್ಲಿ ನಿಂತವರು ನೀವು ಯಾರೆಂದು ಕೇಳಿದರು. ಜಾಗವಿದ್ದರೂ ‘ಅಲ್ಲಿ’ ಎಂಬುದು ಉಳಿದಿರಲಿಲ್ಲ. ವಸ್ತುವಿನ ಸ್ಥಾನವನ್ನು ಹೇಳಲು ಪಕ್ಕದಲ್ಲಿ ಇನ್ನೊಂದು ವಸ್ತು ಇರಲೇಬೇಕೆಂಬ ಭೌತಶಾಸ್ತ್ರದ ಒಣಮಾತು ಅಂದು ನನಗೆ ಅರ್ಥವಾಯಿತು. ಕಕುದ್ಮಿಗೂ ಅದೇ ಅರ್ಥವಾಗಿರಬೇಕು. ಮಗಳ ಮದುವೆ ಮುಗಿಸಿದ ಅವನು ಊರಲ್ಲಿ ನಿಲ್ಲದೆ ಬದರಿಯ ಕಡೆಗೆ ತಪಸ್ಸಿಗೆ ಹೊರಟುಹೋದನಂತೆ.